ರೋಗಿಗಳಿಗಾಗಿ ಕೈಗಳನ್ನು ಹುಡುಕಿದ ಸಂತ ಕಮಿಲಸ್

ಪ್ರತಿ ವರ್ಷ ಜುಲೈ 14ರಂದು ಧರ್ಮಸಭೆಯು ಸಂತ ಕಮಿಲಸ್ ದೆ ಲೆಲ್ಲಿಸ್ ಅವರನ್ನು ಸ್ಮರಿಸುತ್ತದೆ. ರೋಗಿಗಳ, ಆಸ್ಪತ್ರೆಗಳ ಮತ್ತು ದಾದಿಯರ ಪಾಲಕ ಸಂತರೆಂದು ನಾವು ಅವರನ್ನು ಬಲ್ಲೆವು. ಕಪ್ಪು ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ ರೋಗಿಯೊಬ್ಬನ ಕಡೆಗೆ ಬಾಗಿರುವ ಅವರ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆದರೆ ಅವರ ಜೀವನದ ಬಹುಭಾಗವನ್ನು ಕಾಡಿದ ಪ್ರಶ್ನೆ ಯಾವುದೆಂದು ಬಹಳ ಮಂದಿಗೆ ತಿಳಿದಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳಿದ್ದಾರೆ, ಹಾಸಿಗೆಗಳಿವೆ, ವೈದ್ಯರೂ ಬಂದು ಹೋಗುತ್ತಾರೆ. ಆದರೆ ರಾತ್ರಿ ಬಾಯಾರಿದವನಿಗೆ ನೀರು ಕೊಡಲು ಕೈಗಳಿಲ್ಲ. ಆ ಕೈಗಳನ್ನು ಎಲ್ಲಿಂದ ತರುವುದು? ತಂದವರನ್ನು ಉಳಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ 98 ಲಕ್ಷ ದಾದಿಯರಿದ್ದರು. ಬೇಕಾದವರ ಲೆಕ್ಕಕ್ಕೆ ಹೋಲಿಸಿದರೆ ಇನ್ನೂ ಸುಮಾರು 58 ಲಕ್ಷ ಮಂದಿಯ ಕೊರತೆಯಿತ್ತು. ನಮ್ಮ ಕರಾವಳಿಯಲ್ಲಿ ನರ್ಸಿಂಗ್ ಕಲಿತ ಮಗಳೋ ಸೊಸೆಯೋ ಇಲ್ಲದ ಕುಟುಂಬಗಳು ಕಡಿಮೆ. ಆದುದರಿಂದ ಈ ಸಂತರ ಬದುಕನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದುವುದು ನಮಗೆ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಸೈನಿಕನ ಮಗ, ಜೂಜುಗಾರ

ಕಮಿಲಸ್ ಅವರು 1550ರ ಮೇ 25ರಂದು ಇಟಲಿಯ ಅಬ್ರುಝಿ ಪ್ರಾಂತ್ಯದ ಬುಕ್ಕಿಯಾನಿಕೊ ಎಂಬ ಊರಿನಲ್ಲಿ ಜನಿಸಿದರು. ಆಗ ಆ ಊರು ನೇಪಲ್ಸ್ ರಾಜ್ಯಕ್ಕೆ ಸೇರಿತ್ತು. ತಂದೆ ಜೊವಾನ್ನಿ ಸೈನ್ಯದಲ್ಲಿ ಅಧಿಕಾರಿ. ವರ್ಷದ ಹೆಚ್ಚಿನ ಕಾಲ ಮನೆಯಿಂದ ಹೊರಗೆ. ತಾಯಿ ಕಮಿಲ್ಲಾ ಅವರಿಗೆ ಮುಪ್ಪಿನ ಹೊತ್ತಿಗೆ ಹುಟ್ಟಿದ ಮಗ ಇವರು. ತಾಯಿಯ ಹೆಸರನ್ನೇ ಮಗನಿಗೆ ಇಡಲಾಯಿತು. ಹದಿಮೂರು ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು. ಹುಡುಗ ಹೇಳಿದ ಮಾತು ಕೇಳುವವನಾಗಿರಲಿಲ್ಲ, ಓದು ಹತ್ತಲಿಲ್ಲ, ಇಸ್ಪೀಟು ಮತ್ತು ದಾಳದಾಟ ಮಾತ್ರ ಬೇಗ ಹತ್ತಿತು.

ಯೌವನಕ್ಕೆ ಕಾಲಿಟ್ಟ ಕೂಡಲೇ ತಂದೆಯೊಂದಿಗೆ ಸೈನ್ಯ ಸೇರಲು ಹೊರಟರು. ಆರಡಿಗೂ ಮೀರಿದ ಎತ್ತರದ, ಬಲಿಷ್ಠ ಮೈಕಟ್ಟಿನ ಯುವಕ. ಆದರೆ ತಂದೆ ಕಾಯಿಲೆಯಿಂದ ದಾರಿಯಲ್ಲೇ ಮರಣ ಹೊಂದಿದರು. ಅದೇ ದಿನಗಳಲ್ಲಿ ಕಮಿಲಸ್ ಅವರ ಕಾಲಿನಲ್ಲಿ ಒಂದು ಹುಣ್ಣು ಕಾಣಿಸಿಕೊಂಡಿತು. ಮುಂದೆ ಜೀವಮಾನವಿಡೀ ಅದು ಪೂರ್ತಿಯಾಗಿ ವಾಸಿಯಾಗಲೇ ಇಲ್ಲ. ದೇವರು ಅವರ ಕರೆಯನ್ನು ಆ ಹುಣ್ಣಿನಲ್ಲೇ ಬರೆದಿಟ್ಟಿದ್ದರೆಂದು ಈಗ ಹಿಂತಿರುಗಿ ನೋಡುವಾಗ ನಮಗೆ ಅನಿಸುತ್ತದೆ.

ಕೆಲಸ ಕಳೆದುಕೊಂಡ ಸೇವಕ

1571ರಲ್ಲಿ ಕಮಿಲಸ್ ಚಿಕಿತ್ಸೆಗಾಗಿ ರೋಮ್ ನಗರದ ಸಾನ್ ಜ್ಯಾಕೊಮೊ ಆಸ್ಪತ್ರೆಗೆ ಬಂದರು. ವಾಸಿಯಾಗದ ರೋಗಿಗಳಿಗೆಂದೇ ಇದ್ದ ಆಸ್ಪತ್ರೆಯದು. ಕೈಯಲ್ಲಿ ಹಣವಿರಲಿಲ್ಲ. ಹಾಗಾಗಿ ಚಿಕಿತ್ಸೆ ಪಡೆಯುತ್ತಲೇ ಅಲ್ಲಿ ಸೇವಕನಾಗಿ ದುಡಿಯಲು ನಿಂತರು. ಇಂದು ದಾದಿಯರ ಪಾಲಕರೆಂದು ನಾವು ಗೌರವಿಸುವ ಸಂತರು ರೋಗಿಗಳ ಸೇವೆಗೆ ಮೊದಲು ಇಳಿದದ್ದು ಹೀಗೆ, ಹೊಟ್ಟೆಪಾಡಿಗಾಗಿ.

ಆ ಕೆಲಸದಲ್ಲಿ ಅವರು ಒಳ್ಳೆಯ ಹೆಸರು ಪಡೆಯಲಿಲ್ಲ. ಜೂಜಿನ ಚಟ ಬಿಡಲಿಲ್ಲ; ಜೊತೆಯ ಸೇವಕರೊಂದಿಗೆ ಜಗಳ ತಪ್ಪಲಿಲ್ಲ. ಕೊನೆಗೆ ಆಸ್ಪತ್ರೆಯವರು ಅವರನ್ನು ಕೆಲಸದಿಂದ ತೆಗೆದುಹಾಕಿದರು. ಮತ್ತೆ ಸೈನ್ಯಕ್ಕೆ ಹೋದರು. ವೆನಿಸ್ ಪರವಾಗಿ ತುರ್ಕರ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡರು. 1574ರಲ್ಲಿ ಅವರ ದಳವನ್ನು ವಿಸರ್ಜಿಸಲಾಯಿತು. ಅದೇ ವರ್ಷ ನೇಪಲ್ಸ್ ನಗರದಲ್ಲಿ ಉಳಿದಿದ್ದ ಅಷ್ಟಿಷ್ಟನ್ನೂ ಜೂಜಿನಲ್ಲಿ ಕಳೆದುಕೊಂಡು ಬರಿಗೈಯಾದರು.

ಮಾನ್ಫ್ರೆದೋನಿಯಾ ಊರಿನಲ್ಲಿ ಇಗರ್ಜಿಯ ಬಾಗಿಲಲ್ಲಿ ಭಿಕ್ಷೆ ಬೇಡುವ ಸ್ಥಿತಿ ಬಂತು. ಅಲ್ಲಿ ಕಪುಚಿನ್ ಸಭೆಯವರ ಕಟ್ಟಡದ ಕೆಲಸಕ್ಕೆ ಕೂಲಿಯಾಳಾಗಿ ಸೇರಿದರು. 1575ರ ಫೆಬ್ರವರಿ 2ರಂದು, ಕಪುಚಿನ್ ಗುರುಗಳೊಬ್ಬರ ಬುದ್ಧಿಮಾತು ಮನಸ್ಸಿನಲ್ಲಿ ಕೊರೆಯುತ್ತಿರುವಾಗ, ಕತ್ತೆಯ ಮೇಲೆ ಕುಳಿತು ಹಿಂದಿರುಗುತ್ತಿದ್ದ ಕಮಿಲಸ್ ದಾರಿಯಲ್ಲಿ ಇಳಿದು ಮೊಣಕಾಲೂರಿ ಅತ್ತರು. ಅಂದಿನಿಂದ ಅವರ ಬದುಕು ಬೇರೆ ದಾರಿ ಹಿಡಿಯಿತು. ಕಪುಚಿನ್ ಸಭೆಗೆ ಸೇರಿದರೂ ಕಾಲಿನ ಹುಣ್ಣು ಮತ್ತೆ ಬಿರಿದ ಕಾರಣ ಅಲ್ಲಿ ಉಳಿಯಲಾಗಲಿಲ್ಲ. ಮತ್ತೆ ಪ್ರಯತ್ನಿಸಿದಾಗಲೂ ಅದೇ ಕಾರಣದಿಂದ ಹಿಂದಿರುಗಬೇಕಾಯಿತು. ಹೀಗೆ ಸಾನ್ ಜ್ಯಾಕೊಮೊ ಆಸ್ಪತ್ರೆಯ ಬಾಗಿಲಿಗೇ ಮತ್ತೆ ಬಂದು ನಿಂತರು.

ಕಾವಲು ಸಾಲಲಿಲ್ಲ

ಈ ಸಲ ಅವರು ಬೇರೆಯೇ ಮನುಷ್ಯ. ಶ್ರದ್ಧೆಯ ಕೆಲಸವನ್ನು ಕಂಡ ಆಡಳಿತದವರು 1579ರಲ್ಲಿ ಇಡೀ ಆಸ್ಪತ್ರೆಯ ಮೇಲ್ವಿಚಾರಣೆಯನ್ನೇ ಅವರಿಗೆ ವಹಿಸಿದರು. ಸೇವಕರನ್ನು ನೇಮಿಸುವುದು, ಕೆಲಸ ಹಂಚುವುದು, ಉಗ್ರಾಣ ಮತ್ತು ಅಡುಗೆಮನೆಯ ಲೆಕ್ಕ ನೋಡುವುದು ಎಲ್ಲವೂ ಅವರ ಪಾಲಿಗೆ ಬಂತು.

ಆ ಕಾಲದ ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆಗೆ ತರಬೇತಿ ಪಡೆದವರು ಇರಲಿಲ್ಲ. ಬೇರೆಲ್ಲೂ ಕೆಲಸ ಸಿಗದವರು ಅಲ್ಪ ಸಂಬಳಕ್ಕೆ ಬಂದು ಸೇರುತ್ತಿದ್ದರು. ಸೋಂಕಿನ ಭಯ, ದುರ್ವಾಸನೆ, ನಿದ್ದೆಯಿಲ್ಲದ ರಾತ್ರಿಗಳು ಇವನ್ನೆಲ್ಲ ತಾಳಲಾರದೆ ಬೇಗನೆ ಬಿಟ್ಟುಹೋಗುತ್ತಿದ್ದರು. ಉಳಿದವರು ರೋಗಿಗಳ ಹತ್ತಿರ ಸುಳಿಯುತ್ತಿರಲಿಲ್ಲ. ಕೈಯೆತ್ತಿ ಉಣ್ಣಲಾಗದ ರೋಗಿಯ ಮುಂದೆ ತಟ್ಟೆ ಇಟ್ಟು ಹೋದರೆ ಅದು ಇಟ್ಟಲ್ಲೇ ತಣ್ಣಗಾಗುತ್ತಿತ್ತು.

ಸೇವಕರ ಕಳ್ಳಾಟಗಳು ಕಮಿಲಸ್ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೂ ಅದೇ ಆಸ್ಪತ್ರೆಯಲ್ಲಿ ಅಂಥ ಸೇವಕರಾಗಿದ್ದವರು. ಹೊತ್ತಲ್ಲದ ಹೊತ್ತಿನಲ್ಲಿ ವಾರ್ಡಿಗೆ ಬಂದು ನೋಡುತ್ತಿದ್ದರು. ತಪ್ಪು ಮಾಡಿದವರನ್ನು ಗದರಿಸಿದರು, ಕೆಲವರನ್ನು ತೆಗೆದರು. ಅವರು ಎದುರಿಗಿದ್ದಷ್ಟು ಹೊತ್ತು ಕೆಲಸ ನಡೆಯುತ್ತಿತ್ತು. ಅವರು ಬೆನ್ನು ತಿರುಗಿಸಿದರೆ ಮತ್ತೆ ಮೊದಲಿನಂತೆಯೇ. ಎಷ್ಟು ಕಾವಲು ಹಾಕಿದರೂ ಹಾಸಿಗೆಯ ಬಳಿ ಮನಸ್ಸಿಟ್ಟು ನಿಲ್ಲುವವರು ಹುಟ್ಟುವುದಿಲ್ಲವೆಂಬುದು ಅವರಿಗೆ ಮೂರು ವರ್ಷಗಳಲ್ಲಿ ಮನವರಿಕೆಯಾಯಿತು.

1582ರ ಆಗಸ್ಟ್ ತಿಂಗಳಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ಸುಮಾರಿಗೆ, ಒಂದು ರಾತ್ರಿ ವಾರ್ಡಿನಲ್ಲಿದ್ದಾಗ ಅವರಿಗೆ ಹೊಸ ಆಲೋಚನೆ ಹೊಳೆಯಿತು. ಸಂಬಳಕ್ಕಾಗಿ ಅಲ್ಲದೆ ದೇವರ ಪ್ರೀತಿಗಾಗಿ, ತಾಯಿಯೊಬ್ಬಳು ತನ್ನ ಒಬ್ಬನೇ ಮಗನನ್ನು ನೋಡಿಕೊಳ್ಳುವಂತೆ ರೋಗಿಗಳನ್ನು ನೋಡಿಕೊಳ್ಳುವ ಜನರ ಒಂದು ಗುಂಪನ್ನು ಕಟ್ಟಬೇಕು. ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಿದ್ದ ಐವರು ಅವರೊಂದಿಗೆ ಸೇರಿದರು. ಒಂದು ಸಣ್ಣ ಕೋಣೆಯಲ್ಲಿ ಶಿಲುಬೆಯ ಮುಂದೆ ಕೂಡಿ ಪ್ರಾರ್ಥಿಸತೊಡಗಿದರು.

ವಿರೋಧ ಮತ್ತು ಗುರುದೀಕ್ಷೆ

ಒಳ್ಳೆಯ ಕೆಲಸಕ್ಕೂ ಅಡ್ಡಿ ಬರುವುದುಂಟು. ಈ ಗುಂಪು ಆಸ್ಪತ್ರೆಯ ಆಡಳಿತವನ್ನೇ ಕೈವಶ ಮಾಡಿಕೊಳ್ಳಲಿದೆ ಎಂಬ ಸಂಶಯ ಹುಟ್ಟಿತು. ಅವರ ಪ್ರಾರ್ಥನೆಯ ಕೋಣೆಯನ್ನು ತೆರವು ಮಾಡಿಸಲಾಯಿತು. ಕಮಿಲಸ್ ಆ ಶಿಲುಬೆಯನ್ನು ಎತ್ತಿಕೊಂಡು ತಮ್ಮ ಕೋಣೆಗೆ ತಂದಿಟ್ಟರು. ಅವರ ಪಾಪನಿವೇದನೆಯ ಗುರುಗಳಾಗಿದ್ದ ಸಂತ ಫಿಲಿಪ್ ನೇರಿ ಅವರೂ ಸಾನ್ ಜ್ಯಾಕೊಮೊವನ್ನು ಬಿಟ್ಟು ಹೋಗುವುದು ಸರಿಯಲ್ಲವೆಂದೇ ಅಭಿಪ್ರಾಯಪಟ್ಟರು. ಇಬ್ಬರು ಸಂತರ ನಡುವೆಯೂ ಭಿನ್ನಾಭಿಪ್ರಾಯ ಬರಬಹುದೆಂಬುದಕ್ಕೆ ಇದೊಂದು ಉದಾಹರಣೆ.

ತಮ್ಮ ಗುಂಪಿಗೆ ನೆಲೆ ಬೇಕಾದರೆ ಗುರುದೀಕ್ಷೆ ಪಡೆಯುವುದು ಒಳ್ಳೆಯದೆಂದು ಕಮಿಲಸ್ ನಿರ್ಧರಿಸಿದರು. ಮೂವತ್ತೆರಡು ವರ್ಷದ ಆ ಎತ್ತರದ ಮನುಷ್ಯ ಯೇಸುಸಭೆಯವರ ರೋಮನ್ ಕಾಲೇಜಿನಲ್ಲಿ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತು ಲ್ಯಾಟಿನ್ ಭಾಷೆ ಕಲಿತರು. 1584ರಲ್ಲಿ, ಇಂಗ್ಲೆಂಡಿನಿಂದ ಗಡೀಪಾರಾಗಿ ರೋಮ್‌ನಲ್ಲಿದ್ದ ಧರ್ಮಾಧ್ಯಕ್ಷ ಥಾಮಸ್ ಗೋಲ್ಡ್‌ವೆಲ್ ಅವರಿಂದ ಗುರುದೀಕ್ಷೆ ಪಡೆದರು. ಬಳಿಕ ತಮ್ಮ ಸಂಗಾತಿಗಳೊಡನೆ ರೋಮ್‌ನ ದೊಡ್ಡ ಆಸ್ಪತ್ರೆಯಾದ ಸಾಂತೊ ಸ್ಪಿರಿತೊದಲ್ಲಿ ಸೇವೆ ಆರಂಭಿಸಿದರು.

ಸೇವೆಯನ್ನು ಕಲಿಸಿದವರು

ಪ್ರೀತಿಯಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆಂದು ಕಮಿಲಸ್ ನಂಬಲಿಲ್ಲ. ರೋಗಿಗಳ ಸೇವೆಗೆ ಅವರು ಲಿಖಿತ ನಿಯಮಗಳನ್ನು ರೂಪಿಸಿದರು. ಸೇವೆಗೆ ಬಂದ ಹೊಸಬರಿಗೆ ಹಾಸಿಗೆ ಸರಿಪಡಿಸುವುದು, ರೋಗಿಯನ್ನು ಎತ್ತುವುದು, ಊಟ ಮಾಡಿಸುವುದು ಇವನ್ನೆಲ್ಲ ಪಕ್ಕದಲ್ಲಿ ನಿಂತು ಕಲಿಸಿದರು. ಕಿಟಕಿ ತೆರೆದು ಒಳಗೆ ಗಾಳಿ ಬರುವಂತೆ ಮಾಡಿದರು. ರೋಗಕ್ಕೆ ತಕ್ಕ ಪಥ್ಯದ ಊಟ ಕೊಡಿಸಿದರು. ಸೋಂಕು ಇರುವವರನ್ನು ಬೇರೆ ಇರಿಸಿದರು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆಸ್ಪತ್ರೆಗಳಲ್ಲಿ ಕೆಲವೊಮ್ಮೆ ಜೀವವಿರುವವರನ್ನೇ ಸತ್ತರೆಂದು ತಿಳಿದು ಹೂಳಲು ಒಯ್ಯುತ್ತಿದ್ದುದು ಅವರ ಗಮನಕ್ಕೆ ಬಂತು. ಪ್ರಾಣ ಹೋದಂತೆ ಕಂಡ ಮೇಲೂ ಕಾಲು ಗಂಟೆ ಹೊತ್ತು ಪ್ರಾರ್ಥನೆ ಮುಂದುವರಿಸಬೇಕೆಂದು ಅವರು ತಮ್ಮವರಿಗೆ ಆಜ್ಞಾಪಿಸಿದರು. ಅದು ಸಾಯುವವರ ಆತ್ಮಕ್ಕಾಗಿ ಮಾಡುವ ಪ್ರಾರ್ಥನೆ. ಉಸಿರು ಇನ್ನೂ ಇದೆಯೋ ಎಂದು ಕಾದು ನೋಡುವ ಸಮಯವೂ ಹೌದು. ಹಾಸಿಗೆಯ ಬಳಿ ಒಬ್ಬರು ಇದ್ದರೆ ಮಾತ್ರ ಇಂಥದ್ದು ಸಾಧ್ಯ.

1586ರಲ್ಲಿ ಪೋಪ್ 5ನೇ ಸಿಕ್ಸ್ಟಸ್ ಅವರು ಈ ಗುಂಪಿಗೆ ಮಾನ್ಯತೆ ನೀಡಿದರು. ಅದೇ ವರ್ಷ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸಲು ಅನುಮತಿ ದೊರೆಯಿತು. ನಮಗೆ ಪರಿಚಿತವಾದ ರೆಡ್‌ಕ್ರಾಸ್ ಸಂಸ್ಥೆ ಹುಟ್ಟಿದ್ದು 1863ರಲ್ಲಿ, ಬೇರೆಯೇ ಮೂಲದಿಂದ. ಆದರೂ ಯುದ್ಧಭೂಮಿಯಲ್ಲಿ ಕೆಂಪು ಶಿಲುಬೆಯ ಗುರುತಿನೊಂದಿಗೆ ಗಾಯಾಳುಗಳ ಸೇವೆ ಅದಕ್ಕೂ ಬಹಳ ಹಿಂದೆಯೇ ನಡೆದಿತ್ತು. 1595ರಲ್ಲಿ ಮತ್ತು 1601ರಲ್ಲಿ ಹಂಗೆರಿ ಹಾಗೂ ಕ್ರೊಯೇಶಿಯಾ ಕಡೆ ಹೊರಟ ಸೈನ್ಯದೊಂದಿಗೆ ಕಮಿಲಸ್ ತಮ್ಮವರನ್ನು ಕಳುಹಿಸಿದ್ದರು.

ಸೇವೆಯ ಬೆಲೆ

ಈ ಸೇವೆಗೆ ತೆತ್ತ ಬೆಲೆ ಸಣ್ಣದಲ್ಲ. ನೇಪಲ್ಸ್ ಬಳಿ ಹಡಗುಗಳಲ್ಲಿ ಪ್ಲೇಗ್ ಸೋಂಕಿತರಿದ್ದ ಕಾರಣ ಅವುಗಳನ್ನು ಬಂದರಿಗೆ ಬಿಟ್ಟುಕೊಳ್ಳಲಿಲ್ಲ. ಕಮಿಲಸ್ ಅವರ ಜನ ಹಡಗು ಹತ್ತಿ ಸೇವೆ ಮಾಡಿದರು. ಅವರಲ್ಲಿ ಇಬ್ಬರು ಅದೇ ರೋಗದಿಂದ ಪ್ರಾಣ ಬಿಟ್ಟರು. 1590 ಮತ್ತು 1591ರಲ್ಲಿ ರೋಮ್‌ನಲ್ಲಿ ಕ್ಷಾಮವೂ ಅದರ ಬೆನ್ನಿಗೆ ಸಾಂಕ್ರಾಮಿಕ ರೋಗವೂ ಬಂದಾಗ ಮತ್ತೂ ಹಲವರು ಮರಣ ಹೊಂದಿದರು. 1591ರಲ್ಲಿ ಪೋಪ್ 14ನೇ ಗ್ರೆಗರಿ ಅವರು ಈ ಗುಂಪನ್ನು ಪೂರ್ಣ ಧಾರ್ಮಿಕ ಸಭೆಯ ಸ್ಥಾನಕ್ಕೆ ಏರಿಸಿದರು. ಅದರ ಸದಸ್ಯರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ನಾಲ್ಕನೆಯ ವ್ರತವೊಂದನ್ನು ಕೈಗೊಂಡರು. ಪ್ಲೇಗ್ ಬಂದರೂ, ಪ್ರಾಣಕ್ಕೆ ಅಪಾಯವಿದ್ದರೂ ರೋಗಿಗಳನ್ನು ಬಿಟ್ಟು ಹೋಗುವುದಿಲ್ಲವೆಂಬುದೇ ಆ ವ್ರತ.

ಹೆಸರು ಹರಡಿದಂತೆ ಕರೆಗಳೂ ಹೆಚ್ಚಿದವು. ಮಿಲಾನ್ ನಗರದ ಕಾ ಗ್ರಾಂದಾ ಎಂಬ ಬೃಹತ್ ಆಸ್ಪತ್ರೆಯಲ್ಲಿ 1594ರಲ್ಲಿ ಕಮಿಲಸ್ ಒಂದು ದೊಡ್ಡ ಹೊಣೆ ಒಪ್ಪಿಕೊಂಡರು. ಅಲ್ಲಿಯವರೆಗೆ ಅವರ ಸಭೆಯವರು ತಮ್ಮ ಮಠದಿಂದ ಆಸ್ಪತ್ರೆಗೆ ಹೋಗಿ ನಿಗದಿತ ಹೊತ್ತು ಸೇವೆ ಮಾಡಿ ಬರುತ್ತಿದ್ದರು. ಇನ್ನು ಮುಂದೆ ಆಸ್ಪತ್ರೆಯಲ್ಲೇ ವಾಸವಾಗಿ, ಹಗಲು ರಾತ್ರಿ ರೋಗಿಗಳ ಸಂಪೂರ್ಣ ಹೊಣೆ ಹೊರಬೇಕು. ಕಮಿಲಸ್ ಅವರ ದೃಷ್ಟಿಯಲ್ಲಿ ಇದೇ ನಿಜವಾದ ಸೇವೆ. ರೋಗಿಗೆ ರಾತ್ರಿ ಎರಡು ಗಂಟೆಗೆ ನೋವು ಬಂದರೆ ಬೆಳಗಿನವರೆಗೆ ಕಾಯಲು ಹೇಳಲಾಗುವುದೇ?

ಆದರೆ ಅವರದೇ ಸಭೆಯ ಹಲವರು ಇದಕ್ಕೆ ಒಪ್ಪಲಿಲ್ಲ. ಇರುವವರು ಕೆಲವರು, ಆಸ್ಪತ್ರೆಗಳು ಅನೇಕ. ಬಿಡುವಿಲ್ಲದ ದುಡಿಮೆಯಿಂದ ತಮ್ಮವರು ಬಳಲುತ್ತಿದ್ದಾರೆ, ಕಾಯಿಲೆ ಬೀಳುತ್ತಿದ್ದಾರೆ, ಸಾಯುತ್ತಿದ್ದಾರೆ, ಪ್ರಾರ್ಥನೆಗೂ ಹೊತ್ತು ಉಳಿಯುತ್ತಿಲ್ಲವೆಂಬುದು ಅವರ ಆಕ್ಷೇಪಣೆ. ಅವರು ಸೋಮಾರಿಗಳಾಗಿರಲಿಲ್ಲ, ನಾಲ್ಕನೆಯ ವ್ರತ ತೊಟ್ಟವರೇ ಆಗಿದ್ದರು. ಸಭೆಯೊಳಗೆ ವರ್ಷಗಟ್ಟಲೆ ಚರ್ಚೆ ನಡೆಯಿತು, ಮನಸ್ತಾಪವೂ ಆಯಿತು. ಕೊನೆಗೆ 1600ರ ಡಿಸೆಂಬರ್ ತಿಂಗಳಲ್ಲಿ ಪೋಪ್ 8ನೇ ಕ್ಲೆಮೆಂಟ್ ಅವರ ಆಜ್ಞಾಪತ್ರ ಬಂತು. ಅದು ಆಸ್ಪತ್ರೆಯ ಸೇವೆಯನ್ನು ಎತ್ತಿಹಿಡಿದು, ಅದಕ್ಕೆ ಮಿತಿಗಳನ್ನೂ ಗೊತ್ತುಪಡಿಸಿತು.

ಈ ಪ್ರಸಂಗವನ್ನು ಸಂತರ ಚಿಕ್ಕ ಜೀವನಚರಿತ್ರೆಗಳು ಸಾಮಾನ್ಯವಾಗಿ ದಾಟಿಸಿಬಿಡುತ್ತವೆ. ನಮಗಾದರೋ ಅವರ ಬದುಕಿನಲ್ಲಿ ಅತಿ ಮುಖ್ಯವಾದ ಪಾಠ ಇಲ್ಲೇ ಇದೆಯೆಂದು ತೋರುತ್ತದೆ. ರೋಗಿಯ ಕಡೆಯಿಂದ ನೋಡಿದರೆ ಕಮಿಲಸ್ ಅವರು ಹೇಳಿದ್ದು ಸರಿ. ಸೇವೆ ಮಾಡುವವನ ಕಡೆಯಿಂದ ನೋಡಿದರೆ ಅವರನ್ನು ವಿರೋಧಿಸಿದವರು ಹೇಳಿದ್ದೂ ಸರಿ. ಕೆಲವೇ ಕೈಗಳಿಂದ ಎಲ್ಲರನ್ನೂ ಎತ್ತಲು ಹೊರಟರೆ ಆ ಕೈಗಳು ಸೋಲುತ್ತವೆ. ಅವು ಸಂತರ ಸಂಗಾತಿಗಳ ಕೈಗಳಾದರೂ ಅಷ್ಟೇ.

ಕೊನೆಯ ವರ್ಷಗಳು

1598ರ ಡಿಸೆಂಬರ್‌ನಲ್ಲಿ ಟೈಬರ್ ನದಿ ಉಕ್ಕಿ ಸಾಂತೊ ಸ್ಪಿರಿತೊ ಆಸ್ಪತ್ರೆಗೆ ನೀರು ನುಗ್ಗಿತು. ನಲವತ್ತೆಂಟರ ವಯಸ್ಸಿನ ಕಮಿಲಸ್, ಹುಣ್ಣಿನ ಕಾಲಿನಲ್ಲೇ, ತಮ್ಮವರೊಡನೆ ರೋಗಿಗಳನ್ನು ಹೊತ್ತು ಮೇಲಿನ ಅಂತಸ್ತಿಗೆ ಸಾಗಿಸಿದರು. ಅವರ ದೇಹಬಲವನ್ನೂ ಮನೋಬಲವನ್ನೂ ಈ ಒಂದು ಘಟನೆ ತಿಳಿಸುತ್ತದೆ.

ಆದರೆ ಸಭೆಯ ಆಡಳಿತದಲ್ಲಿ ಕಷ್ಟಗಳು ಬೆಳೆದವು. ಹಲವು ನಗರಗಳಲ್ಲಿ ಮನೆಗಳು ತೆರೆದವು, ಜೊತೆಗೆ ಸಾಲವೂ ಏರಿತು. 1607ರಲ್ಲಿ ಕಮಿಲಸ್ ಮಹಾಶ್ರೇಷ್ಠರ ಹುದ್ದೆಗೆ ರಾಜೀನಾಮೆ ನೀಡಿ ಸಾಮಾನ್ಯ ಸದಸ್ಯರಂತೆ ರೋಗಿಗಳ ಬಳಿಗೆ ಮರಳಿದರು. ಕಾಲಿನ ಹುಣ್ಣು, ಹರ್ನಿಯಾ, ಮೂತ್ರಪಿಂಡದ ಕಲ್ಲು, ಊಟ ಸೇರದ ಹೊಟ್ಟೆ, ಹೀಗೆ ಅವರೇ ಒಬ್ಬ ರೋಗಿ. ಆದರೂ ತಮ್ಮ ಸೇವೆಗೆ ಯಾರೂ ನಿಲ್ಲಬಾರದೆಂದು ಹೇಳಿ ಅವರನ್ನು ಬೇರೆ ರೋಗಿಗಳ ಕಡೆಗೆ ಕಳುಹಿಸುತ್ತಿದ್ದರು. ನಿಲ್ಲಲಾಗದಿದ್ದಾಗ ಹಾಸಿಗೆಯಿಂದ ಹಾಸಿಗೆಗೆ ತೆವಳಿಕೊಂಡು ಹೋಗಿ ವಿಚಾರಿಸುತ್ತಿದ್ದರು.

1614ರ ಜುಲೈ 14ರಂದು ರೋಮ್‌ನಲ್ಲಿ, 64ನೇ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ವಿಶ್ರಮಿಸಿದರು. 1746ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಅವರು ಸಂತ ಪದವಿಗೆ ಏರಿಸಿದರು. 1886ರಲ್ಲಿ ಪೋಪ್ 13ನೇ ಲಿಯೊ ಅವರು ಇವರನ್ನೂ ದೇವರ ಸಂತ ಯೊವಾನ್ನರನ್ನೂ ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರೆಂದು, 1930ರಲ್ಲಿ ಪೋಪ್ 11ನೇ ಪಯಸ್ ಅವರು ದಾದಿಯರ ಪಾಲಕರೆಂದೂ ಘೋಷಿಸಿದರು. ಅವರ ಸಭೆಯವರು ಇಂದು ನಮ್ಮ ದೇಶದಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಎಚ್‌ಐವಿ ಬಾಧಿತರಿಗಾಗಿ ಅವರು ಆರಂಭಿಸಿದ ಸ್ನೇಹದಾನ್ ಕೇಂದ್ರವನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು.

ನಮ್ಮ ಊರಿನ ಮಾತು

ಕರಾವಳಿಯ ನಮಗೆ ರೋಗಿಗಳ ಸೇವೆ ಹೊಸತಲ್ಲ. ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಔಷಧಾಲಯ ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ಕೊಟ್ಟ ಕಾಲದಿಂದ ನಮ್ಮ ಧರ್ಮಪ್ರಾಂತ್ಯದ ಜನ ಆಸ್ಪತ್ರೆಗಳನ್ನು ತಮ್ಮ ಮನೆಯ ಸಂಗತಿಯೆಂದೇ ನೋಡಿದ್ದಾರೆ. ಧರ್ಮಭಗಿನಿಯರು ಬೆಳೆಸಿದ ಆಸ್ಪತ್ರೆಗಳೂ ನರ್ಸಿಂಗ್ ಶಾಲೆಗಳೂ ನಮ್ಮ ಹೆಮ್ಮೆ.

ಈ ಹೆಮ್ಮೆಯ ನಡುವೆ ಒಂದು ಅಪಾಯವೂ ಅಡಗಿದೆ. ನರ್ಸಿಂಗ್ ಎಂದರೆ ಸೇವೆ, ಸೇವೆಗೆ ಸಂಬಳದ ಲೆಕ್ಕ ಏಕೆ, ಹೊತ್ತಿನ ಲೆಕ್ಕ ಏಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸಂತ ಕಮಿಲಸ್ ಅವರ ಹೆಸರನ್ನೂ ಅದಕ್ಕೆ ಬಳಸುತ್ತೇವೆ. ಆದರೆ ಕಮಿಲಸ್ ಮತ್ತು ಅವರ ಸಂಗಾತಿಗಳು ಸ್ವಇಚ್ಛೆಯಿಂದ ವ್ರತ ತೊಟ್ಟವರು. ಅವರ ಊಟ, ಬಟ್ಟೆ, ಮುಪ್ಪು ಎಲ್ಲವನ್ನೂ ಅವರ ಸಭೆ ನೋಡಿಕೊಳ್ಳುತ್ತಿತ್ತು. ಮನೆಯಲ್ಲಿ ವಯಸ್ಸಾದ ತಂದೆ ತಾಯಿ, ಶಾಲೆಗೆ ಹೋಗುವ ಮಕ್ಕಳು, ಕಲಿಯಲು ಮಾಡಿದ ಬ್ಯಾಂಕ್ ಸಾಲ ಇರುವ ಹೆಣ್ಣುಮಗಳಿಗೆ ಅದೇ ಅಳತೆ ಹಿಡಿಯುವುದು ನ್ಯಾಯವಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ದಾದಿ ಇರಬೇಕು. ರಜೆಯಲ್ಲಿರುವವರ ಜಾಗ ತುಂಬಲು ಇನ್ನೂ ಶೇಕಡಾ 30ರಷ್ಟು ಹೆಚ್ಚುವರಿ ಬೇಕು. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿಯು ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ಬಗ್ಗೆಯೂ ಶಿಫಾರಸು ಮಾಡಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು. 200 ಹಾಸಿಗೆಗಿಂತ ದೊಡ್ಡದರಲ್ಲಿ ರಾಜ್ಯ ಸರಕಾರದ ದಾದಿಯರಿಗೆ ಸಮನಾಗಿರಬೇಕು. ಶಿಫಾರಸು ಕಾಗದದಲ್ಲಿದೆ, ಎಷ್ಟು ವಾರ್ಡುಗಳಿಗೆ ಅದು ತಲುಪಿದೆ ಎಂಬುದನ್ನು ಅಲ್ಲಿ ದುಡಿಯುವವರೇ ಹೇಳಬಲ್ಲರು. ನಮ್ಮ ಹೆಣ್ಣುಮಕ್ಕಳು ಗಲ್ಫ್ ದೇಶಗಳಿಗೋ ಯುರೋಪಿಗೋ ಹೊರಟಾಗ ಅವರಲ್ಲಿ ಸೇವಾಮನೋಭಾವ ಇಲ್ಲವೆಂದು ದೂರುವುದಕ್ಕಿಂತ, ಇಲ್ಲಿ ಉಳಿಯಲು ನಾವು ಅವರಿಗೆ ಏನು ಕೊಟ್ಟಿದ್ದೇವೆಂದು ಕೇಳಿಕೊಳ್ಳುವುದು ಮೇಲು.

ಕೋವಿಡ್ ಕಾಲವನ್ನು ನಾವು ಯಾರೂ ಮರೆತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರದಷ್ಟು ಆರೋಗ್ಯ ಕಾರ್ಯಕರ್ತರು ಆ ರೋಗಕ್ಕೆ ಬಲಿಯಾದರು. ಕಮಿಲಸ್ ಸಭೆಯ ನಾಲ್ಕನೆಯ ವ್ರತವನ್ನು ಬಾಯಲ್ಲಿ ಹೇಳದೆಯೇ ಪಾಲಿಸಿದವರು ಅವರು. ಆಗ ನಾವು ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯಿಂದ ರಾತ್ರಿ ಪಾಳಿಗೆ ಇನ್ನೊಬ್ಬ ದಾದಿ ಸಿಗಲಿಲ್ಲ.

ಮುಂದಿನ ಜುಲೈ 14ರಂದು ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯರಿಗಾಗಿ ಬಲಿಪೂಜೆ ಅರ್ಪಿಸೋಣ. ಅಂದು ರಾತ್ರಿ ಪಾಳಿ ಮುಗಿಸಿ ಬಂದವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ವಾಳೆಯ ನೆರೆಹೊರೆಯವರು ಮುಂದಾಗಲಿ. ರೋಗಿಗಳನ್ನು ನೋಡಲು ಹೋದಾಗ ಗದ್ದಲ ಮಾಡದೆ, ಒಬ್ಬರೇ ಹತ್ತು ಕಡೆ ಓಡುತ್ತಿರುವ ದಾದಿಯ ಮೇಲೆ ರೇಗದೆ ಇರೋಣ. ಆಸ್ಪತ್ರೆಗಳ ಆಡಳಿತ ಸಮಿತಿಗಳಲ್ಲಿ ಇರುವ ನಮ್ಮವರು, ಹೊಸ ಕಟ್ಟಡದ ಲೆಕ್ಕ ನೋಡುವ ಮೊದಲು, ರಾತ್ರಿ ಹೊತ್ತು ಒಬ್ಬ ದಾದಿಯ ಪಾಲಿಗೆ ಎಷ್ಟು ಹಾಸಿಗೆಗಳಿವೆಯೆಂದು ಒಮ್ಮೆ ಹೋಗಿ ಎಣಿಸಿ ಬರಲಿ. ಸಾನ್ ಜ್ಯಾಕೊಮೊದಲ್ಲಿ ಮೇಲ್ವಿಚಾರಕರಾಗಿದ್ದಾಗ ಸಂತ ಕಮಿಲಸ್ ಅವರೂ ಹೊತ್ತಲ್ಲದ ಹೊತ್ತಿನಲ್ಲಿ ವಾರ್ಡಿಗೆ ಹೋಗಿ ನೋಡುತ್ತಿದ್ದರು.